ಹಸುವಿನ ಕೊರಳಿಗೆ ಕಟ್ಟುವ ಸೆನ್ಸರ್‌ಗೆ ಕಾಯಿಲೆ ಮೊದಲೇ ಹೇಗೆ ಗೊತ್ತಾಗುತ್ತದೆ?

ಮೆಲುಕಿನಿಂದ. ಕೊರಳಪಟ್ಟಿಯ ಸೆನ್ಸರ್ ಇಂಥದ್ದೇ ಕಾಯಿಲೆ ಅಂತ ಹೇಳುವುದಿಲ್ಲ; ಹಸು ದಿನಕ್ಕೆ ಎಷ್ಟು ನಿಮಿಷ ಮೆಲುಕು ಹಾಕಿತು, ಎಷ್ಟು ಓಡಾಡಿತು ಅಂತ ಲೆಕ್ಕ ಇಡುತ್ತದೆ, ಅಷ್ಟೇ. ಜ್ವರವಿರಲಿ, ಜೋರಾದ ಕೆಚ್ಚಲು ಬಾವಿರಲಿ, ಕರು ಹಾಕಿದ ಮೇಲೆ ಮೈಕೊಬ್ಬು ಕರಗಿ ಬರುವ ಕೀಟೋಸಿಸ್ ಇರಲಿ, ನಮ್ಮ ಕಣ್ಣಿಗೆ ಏನೂ ಕಾಣುವ ಮೊದಲೇ ಹೆಚ್ಚಾಗಿ ಮೆಲುಕು ಇಳಿದಿರುತ್ತದೆ.

ಪಟ್ಟಿಯೊಳಗೆ ಇರುವುದು ಅಲುಗಾಟ ಅಳೆಯುವ ಚಿಪ್, ಮೊಬೈಲ್‌ನಲ್ಲಿ ಇರುವಂಥದ್ದೇ. ಮೆಲುಕಿಗೆ ಒಂದು ತಾಳವಿದೆ: ಒಂದು ಉಂಡೆ ಬಾಯಿಗೆ ಬಂದರೆ ಸುಮಾರು 50 ಸಲ ಜಗಿತ, ನುಂಗಿ ನಾಲ್ಕೈದು ಸೆಕೆಂಡ್ ಬಿಡುವು, ಆಮೇಲೆ ಮುಂದಿನ ಉಂಡೆ. ಮೇವು ತಿನ್ನುವಾಗ ತಲೆ ಕೆಳಗಿರುತ್ತದೆ, ಎಳೆತ ಅಡ್ಡಾದಿಡ್ಡಿ. ಚಿಪ್ ಗುರುತಿಸುವುದು ಈ ವ್ಯತ್ಯಾಸವನ್ನೇ.

ಆರೋಗ್ಯವಂತ ಹಸು ದಿನಕ್ಕೆ 7–8 ಗಂಟೆ ಮೆಲುಕು ಹಾಕುತ್ತದೆ. ಆದರೆ ಹೋಲಿಕೆ ಪಕ್ಕದ ಹಸುವಿನ ಜೊತೆಗಲ್ಲ, ಅದೇ ಹಸುವಿನ ಹಿಂದಿನ ದಿನಗಳ ಜೊತೆಗೆ. ಹಾಗಾಗಿ ಪಟ್ಟಿ ಕಟ್ಟಿದ ಮೊದಲ ವಾರದ ಎಚ್ಚರಿಕೆಗಳನ್ನು ಪೂರ್ತಿ ನಂಬಬೇಡಿ.

ಬೆದೆಗೆ ಬಂದ ದಿನವೂ ಮೆಲುಕು ಇಳಿಯುತ್ತದೆ, ಆದರೆ ಓಡಾಟ ಏರುತ್ತದೆ. ಕಾಯಿಲೆಯಲ್ಲಿ ಸಾಮಾನ್ಯವಾಗಿ ಎರಡೂ ಇಳಿಯುತ್ತವೆ. ಕೊಟ್ಟಿಗೆಯ ಎಲ್ಲ ಹಸುಗಳದ್ದೂ ಒಟ್ಟಿಗೆ ಇಳಿದರೆ ಡಾಕ್ಟರಿಗಿಂತ ಮೊದಲು ಗೋದಲಿ ನೋಡಿ: ಒಣಹುಲ್ಲು ಕಮ್ಮಿಯಾಗಿ ಹಿಂಡಿ ಜಾಸ್ತಿಯಾಗಿರಬಹುದು. ಒಂದೇ ಹಸುವಿನ ಅಂಕಿ ದಿಢೀರನೆ ಸೊನ್ನೆಗೆ ಬಂದರೆ ಪಟ್ಟಿ ಜಾರಿದೆಯೇ ಅಂತ ಮುಟ್ಟಿ ನೋಡಿ.

ಸಣ್ಣ ಮಟ್ಟದ ಕೆಚ್ಚಲು ಬಾವು ಮಾತ್ರ ಮೆಲುಕಿನ ಲೆಕ್ಕಕ್ಕೆ ಸಿಗುವುದಿಲ್ಲ. ಹಾಲು ಕರೆಯುವ ಮುಂಚೆ ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ತಟ್ಟೆಗೆ ಹಿಂಡಿ, ಗರಣೆ ಇದೆಯೇ ನೋಡುವ ಕೆಲಸ ನಿಮ್ಮದೇ.