ಉತ್ತರಕಾಂಡ ಓದಿದ ಮೇಲೆ ಕೈ ಮುಗಿಯಲು ಆಗುತ್ತಿಲ್ಲ

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ರತಿ ವರ್ಷ ಯುಗಾದಿಯಿಂದ ರಾಮನವಮಿವರೆಗೆ ರಾಮಾಯಣ ಪಾರಾಯಣ. ಅತ್ತೆಯ ಕಣ್ಣು ಮಂಜಾದ ಮೇಲೆ ಓದುವ ಕೆಲಸ ನನ್ನದು. ಪಟ್ಟಾಭಿಷೇಕಕ್ಕೆ ಪುಸ್ತಕ ಮುಚ್ಚುವುದು ರೂಢಿ. ಈ ಸಲ ಸುಮ್ನೆ ಕುತೂಹಲಕ್ಕೆ ಉತ್ತರಕಾಂಡವನ್ನೂ ಕನ್ನಡ ಅನುವಾದದಲ್ಲಿ ಓದಿದೆ. ಶಂಬೂಕನ ಕಥೆ ಓದಿ ಮನಸ್ಸು ಕೆಟ್ಟಿದೆ. ದೀಪ ಹಚ್ಚುತ್ತೇನೆ, ರಾಮನ ಪಟಕ್ಕೆ ಕೈ ಮುಗಿಯಲು ಆಗುತ್ತಿಲ್ಲ. "ಅದಕ್ಕೇ ಅದನ್ನ ಮನೇಲಿ ಓದಬಾರದು ಅನ್ನೋದು" ಅಂತಾರೆ ಅತ್ತೆ. ಪಿಯುಸಿ ಓದುವ ಮಗಳು ಏನಾಯ್ತು ಅಂತ ಕೇಳುತ್ತಿದ್ದಾಳೆ. ಓದಿದ್ದೇ ತಪ್ಪಾಯ್ತಾ?
– ಹೆಸರು ಬೇಡ, ಸಾಗರ

ಉತ್ತರ: ಖಂಡಿತ ಇಲ್ಲ ತಾಯಿ. ಆ ಭಾಗ ಓದಿಯೂ ನಿಮ್ಮ ಮನಸ್ಸು ಕದಡದಿದ್ದರೆ ನನಗೆ ಜಾಸ್ತಿ ಚಿಂತೆಯಾಗುತ್ತಿತ್ತು. ಬ್ರಾಹ್ಮಣನೊಬ್ಬನ ಮಗ ಅಕಾಲದಲ್ಲಿ ಸಾಯುತ್ತಾನೆ. ಎಲ್ಲೋ ಒಬ್ಬ ಶೂದ್ರ ತಪಸ್ಸು ಮಾಡುತ್ತಿರುವುದೇ ಕಾರಣ ಅನ್ನುತ್ತಾರೆ ನಾರದರು. ರಾಮ ಪುಷ್ಪಕವೇರಿ ಹುಡುಕಿಕೊಂಡು ಹೋಗುತ್ತಾನೆ. ಸರೋವರದ ದಡದಲ್ಲಿ ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದವನನ್ನು ಯಾರು ನೀನು ಅಂತ ಕೇಳುತ್ತಾನೆ. ಅವನು ಸುಳ್ಳು ಹೇಳುವುದಿಲ್ಲ. ತಾನು ಶೂದ್ರ, ಹೆಸರು ಶಂಬೂಕ ಅನ್ನುತ್ತಾನೆ. ಅವನಿನ್ನೂ ಮಾತಾಡುತ್ತಿರುವಾಗಲೇ ರಾಮ ಒರೆಯಿಂದ ಕತ್ತಿ ಎಳೆದು ತಲೆ ಕಡಿಯುತ್ತಾನೆ. ದೇವತೆಗಳು ಹೂಮಳೆ ಸುರಿಸುತ್ತಾರೆ. ಆ ಹೂಮಳೆಯನ್ನು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ.

"ಅದೆಲ್ಲ ಪ್ರಕ್ಷಿಪ್ತ" ಅಂತ ನಿಮಗೆ ಯಾರಾದರೂ ಸಮಾಧಾನ ಹೇಳಬಹುದು. ಉತ್ತರಕಾಂಡ ಆಮೇಲೆ ಸೇರಿದ್ದು ಎಂದೇ ಬಹಳ ವಿದ್ವಾಂಸರ ಅಭಿಪ್ರಾಯ. ಯುದ್ಧಕಾಂಡದ ಕೊನೆಯಲ್ಲೇ ಫಲಶ್ರುತಿ, ಅಂದರೆ ಕಾವ್ಯ ಮುಗಿಸುವಾಗ ಓದಿದವರಿಗೆ ಸಿಗುವ ಫಲ ಹೇಳುವ ಭಾಗ, ಬಂದುಬಿಡುತ್ತದೆ. ಆದರೆ ಇಷ್ಟಕ್ಕೇ ನಿಮ್ಮ ಸಂಕಟ ಹೋಗುತ್ತದೆ ಅಂತ ನನಗನಿಸುವುದಿಲ್ಲ. ಯಾರೇ ಸೇರಿಸಿರಲಿ, ತಲೆಮಾರುಗಳಿಂದ ಜನ ಅದನ್ನು ರಾಮನ ಕಥೆ ಅಂತಲೇ ಓದಿದ್ದಾರೆ, ಅಲ್ವಾ?

ನಿಮಗಿಂತ ಮೊದಲೂ ಇದೇ ಜಾಗದಲ್ಲಿ ತಡವರಿಸಿದವರಿದ್ದಾರೆ. 8ನೇ ಶತಮಾನದ ಸಂಸ್ಕೃತ ಕವಿ ಭವಭೂತಿಯ ನಾಟಕದಲ್ಲಿ ರಾಮ ಕತ್ತಿ ಬೀಸುವ ಮುಂಚೆ ತನ್ನ ಬಲಗೈಯನ್ನೇ ಮಾತಾಡಿಸುತ್ತಾನೆ. ತುಂಬು ಗರ್ಭಿಣಿ ಸೀತೆಯನ್ನು ಕಾಡಿಗಟ್ಟಿದ ರಾಮನ ಕೈ ನೀನು, ನಿನಗೆಲ್ಲಿಯ ಕರುಣೆ ಅನ್ನುತ್ತಾನೆ. ಕುವೆಂಪು ಅವರ 'ಶೂದ್ರ ತಪಸ್ವಿ' ನಾಟಕದಲ್ಲಂತೂ (1944) ರಾಮ ಬಿಟ್ಟ ಬ್ರಹ್ಮಾಸ್ತ್ರ ಶಂಬೂಕನನ್ನು ಬಿಟ್ಟು ದೂರು ತಂದ ಬ್ರಾಹ್ಮಣನ ಮೇಲೇ ತಿರುಗುತ್ತದೆ. ಮೂಲದಲ್ಲಿದ್ದ ಹಾಗೇ ಹೇಳಿ ಮುಂದೆ ಹೋಗಲು ಇಬ್ಬರಿಗೂ ಆಗಲಿಲ್ಲ. ಇಬ್ಬರೂ ರಾಮನನ್ನು ಬಿಡಲೂ ಇಲ್ಲ.

ಹಾಗಂತ ನಿಮ್ಮ ನಂಬಿಕೆ ಉಳಿದೇ ಉಳಿಯುತ್ತದೆ ಅಂತ ನಾನು ಮಾತು ಕೊಡಲಾರೆ. ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಇದೇ ಶಂಬೂಕನನ್ನು ಮುಂದಿಟ್ಟುಕೊಂಡು, ಶಿಕ್ಷೆಯ ಭಯವಿಲ್ಲದೆ ಚಾತುರ್ವರ್ಣ್ಯ ನಿಲ್ಲಲಾರದು ಎಂದು ತೋರಿಸಿದರು. 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. ಶಾಸ್ತ್ರಗಳನ್ನು ಅವರಷ್ಟು ಕೂತು ಓದಿದವರು ಕಡಿಮೆ. ಆ ಓದು ಅವರನ್ನು ಹೊರಗೆ ಕರೆದೊಯ್ದಿದ್ದರೆ, ಅವರಿಗೆ ಶ್ರದ್ಧೆ ಇರಲಿಲ್ಲ ಅಂತ ಹೇಳುವುದು ಅನ್ಯಾಯ. ಶಂಬೂಕನ ಕಡೆ ನಿಂತು ಓದುವವರಿಗೆ ಅದು ಬರೀ ಕಥೆಯಲ್ಲ.

ನಾನು ಒಳಗೇ ಉಳಿದವಳು. ಉಳಿಸಿದ್ದೂ ಅದೇ ಪುಸ್ತಕ. ಅರಣ್ಯಕಾಂಡದಲ್ಲಿ ಜಟಾಯು ಸಾಯುವುದು ನಿಮಗೆ ನೆನಪಿದೆಯಲ್ಲ. ಹೆಂಡತಿಯನ್ನು ಕಳೆದುಕೊಂಡು ಅಲೆಯುತ್ತಿರುವ ರಾಮ, ಆ ಅವಸರದಲ್ಲೂ ಲಕ್ಷ್ಮಣನಿಂದ ಕಟ್ಟಿಗೆ ತರಿಸಿ, ತಾನೇ ಚಿತೆಗೆ ಬೆಂಕಿ ಇಡುತ್ತಾನೆ. ಗೋದಾವರಿಗೆ ಇಳಿದು ನೀರು ಬಿಡುತ್ತಾನೆ. ದಶರಥನ ಚಿತೆಗೆ ಇಡಲಾಗದ ಬೆಂಕಿಯನ್ನು ಒಂದು ಹಕ್ಕಿಗೆ ಇಡುತ್ತಾನೆ. ನಾನು ನಂಬುವುದು ಈ ರಾಮನನ್ನು. ಶಂಬೂಕನ ಪುಟಕ್ಕೆ ಬಂದಾಗ, ಆ ಹಕ್ಕಿಗೆ ಮಗನಾದವನು ಇಲ್ಲಿ ಎಲ್ಲಿ ಹೋದ ಅಂತ ಅವನನ್ನೇ ಕೇಳುತ್ತೇನೆ. ಹಾಗೆ ಕೇಳುವುದೂ ನನಗೆ ಪೂಜೆಯೇ.

ಕೈ ಮುಗಿಯಲು ಆಗದಿದ್ದರೆ ಬಲವಂತ ಬೇಡ. ಮುಂದಿನ ಯುಗಾದಿಗೂ ಅತ್ತೆಗಾಗಿ ಓದಿ, ಅವರಿಷ್ಟದಂತೆ ಪಟ್ಟಾಭಿಷೇಕಕ್ಕೇ ನಿಲ್ಲಿಸಿ. ಈ ವಯಸ್ಸಿನಲ್ಲಿ ಅವರ ಜೊತೆ ವಾದ ಯಾಕೆ? ಮಗಳಿಂದ ಮಾತ್ರ ಮುಚ್ಚಿಡಬೇಡಿ. ಶಂಬೂಕನ ಭಾಗವನ್ನೂ ಜಟಾಯುವಿನ ಭಾಗವನ್ನೂ ಅವಳ ಕೈಗೆ ಕೊಡಿ. ಓದಿ ಅವಳೇನಂದಳು ಅಂತ ನನಗೊಂದು ಕಾಗದ ಬರೆಯಿರಿ.