ಹಿತ್ತಲಿನ ರಾತ್ರಿಪಾಳಿ

ಹಿತ್ತಲಿನಲ್ಲಿ ಟ್ರೇಲ್ ಕ್ಯಾಮೆರಾ ಕಟ್ಟಿ ರಾತ್ರಿ ಓಡಾಡುವ ಪ್ರಾಣಿಗಳನ್ನು ನೋಡುವ ನನ್ನ ಹುಚ್ಚಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಕಾಡಿನಲ್ಲಿ ಹುಲಿ ಎಣಿಸುವ ಕ್ಯಾಮೆರಾ ಟ್ರ್ಯಾಪ್‌ನ ತಮ್ಮನೇ ಇದು. ಪ್ರಾಣಿ ಎದುರಿಗೆ ಹಾದರೆ ತಾನಾಗಿ ಎಚ್ಚೆತ್ತು ಚಿತ್ರ ತೆಗೆಯುತ್ತದೆ. ಬಂದ ಪತ್ರಗಳಲ್ಲಿ ಮೆಚ್ಚುಗೆ ಕಡಿಮೆ, ದೂರು ಹೆಚ್ಚು. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೊದಲ ರಾತ್ರಿಯೇ 312 ವಿಡಿಯೊ ಬಂದವು. ಎಲ್ಲದರಲ್ಲೂ ಒಂದೇ ಕೊಂಬೆ ತೂಗಾಡುತ್ತಿದೆ. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಪಾಪ, ಹೇಳಿದ ಕೆಲಸವನ್ನೇ ಮಾಡಿದೆ. ಲೆನ್ಸಿನ ಕೆಳಗೆ ಹಾಲುಬಣ್ಣದ ಪ್ಲಾಸ್ಟಿಕ್ ಕಿಟಕಿ ಇದೆಯಲ್ಲ, ಅದರ ಹಿಂದಿರುವ ಸಂವೇದಕಕ್ಕೆ ಪ್ರಾಣಿ ಗೊತ್ತಿಲ್ಲ, ಬಿಸಿ ಮಾತ್ರ ಗೊತ್ತು. ಎದುರಿನ ಜಾಗವನ್ನು ಅದು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡಿರುತ್ತದೆ. ಸುತ್ತಲಿಗಿಂತ ಬೆಚ್ಚಗಿರುವ ಅಥವಾ ತಣ್ಣಗಿರುವ ಏನಾದರೂ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದರೆ ಕ್ಯಾಮೆರಾವನ್ನು ಎಬ್ಬಿಸುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ರಾತ್ರಿಯೂ ಬೆಚ್ಚಗೇ ಇರುತ್ತದೆ. ಅದರ ಮುಂದೆ ತಣ್ಣನೆಯ ಕೊಂಬೆ ಅಲ್ಲಾಡಿದರೆ ಸಂವೇದಕದ ಪಾಲಿಗೆ ಅದೂ ಒಂದು ಪ್ರಾಣಿಯೇ.

ಆ ಕೊಂಬೆಯನ್ನು ಸವರಿ, ಇಲ್ಲವೇ ಕ್ಯಾಮೆರಾ ತಿರುಗಿಸಿ. ಗಾಳಿಗೆ ಬಾಗುವ ಎಳೆ ಮರಕ್ಕಂತೂ ಕಟ್ಟಬೇಡಿ. ನಾನು ಮೊದಲ ಸಲ ಹಾಗೆ ಕಟ್ಟಿ, ಇಡೀ ಹಿತ್ತಲು ದೋಣಿಯಂತೆ ಓಲಾಡುವುದನ್ನು ಎರಡು ಗಂಟೆ ಕುಳಿತು ನೋಡಿದ್ದೇನೆ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿಟ್ಟರೆ ಬೆಳಿಗ್ಗೆ, ಸಂಜೆ ಸೂರ್ಯನೊಬ್ಬನೇ ನಿಮ್ಮ ಅತಿಥಿ.

ಪ್ರಶ್ನೆ: ಹೂಗಿಡಗಳ ನಡುವೆ ಚೆನ್ನಾಗಿ ಕಾಣುವ ಜಾಗದಲ್ಲಿ ಇಟ್ಟಿದ್ದೇನೆ. ಎದುರುಮನೆಯ ಬೆಕ್ಕು ಬಿಟ್ಟರೆ ಯಾರೂ ಬರುವುದಿಲ್ಲ. ಎಲ್ಲಿಡಬೇಕು?

ಉತ್ತರ: ಚೆನ್ನಾಗಿ ಕಾಣುವುದು ಯಾರಿಗೆ? ನಿಮಗೆ. ಪ್ರಾಣಿಗೆ ಬೇಕಾದದ್ದು ಮರೆ. ನಾನೂ ಮೂರು ವಾರ ಹೂವಿನ ಪಾತಿಗೆ ಕ್ಯಾಮೆರಾ ಇಟ್ಟು ಬೆಕ್ಕಿನ ಜೀವನಚರಿತ್ರೆಯನ್ನೇ ಸಂಗ್ರಹಿಸಿದೆ. ಒಂದು ದಿನ ಬಟ್ಟೆ ಒಣಹಾಕುವಾಗ ಹಿಂದಿನ ಗೋಡೆಯ ಮೇಲೆ ಕಣ್ಣು ಬಿತ್ತು. ಗೋಡೆಯ ತಲೆಯ ಮೇಲೆಲ್ಲ ದಟ್ಟ ಹಸಿರು ಪಾಚಿ, ನಡುವೆ ಅಂಗೈ ಅಗಲದ ಒಂದು ಗೆರೆ ಮಾತ್ರ ಸವೆದು ಬೋಳಾಗಿದೆ. ಗೆರೆ ಮುಗಿಯುವ ಮೂಲೆಯಲ್ಲಿ ಒಣಗಿದ ಹಿಕ್ಕೆ. ಕಡ್ಡಿಯಿಂದ ಬಿಡಿಸಿದರೆ ಬರೀ ಬೀಜ. ಅಂದೇ ಸಂಜೆ ಕ್ಯಾಮೆರಾವನ್ನು ಅಲ್ಲಿಗೆ ಸಾಗಿಸಿದೆ. ರಾತ್ರಿ 11.40ಕ್ಕೆ ಪುನುಗು ಬೆಕ್ಕೊಂದು ಅದೇ ಗೆರೆಯ ಮೇಲೆ, ಆಚೆ ಈಚೆ ಒಂದು ಬೆರಳೂ ತಪ್ಪದೆ ನಡೆದು ಹೋಯಿತು. 4.10ಕ್ಕೆ ಅದೇ ದಾರಿಯಲ್ಲಿ ವಾಪಸ್ಸು. ನಾನು ಬೆಕ್ಕು ನೋಡುತ್ತ ಕುಳಿತಿದ್ದ ಮೂರು ವಾರವೂ ಅದು ಹೀಗೆಯೇ ನನ್ನ ಬೆನ್ನ ಹಿಂದೆ ಓಡಾಡಿರಬೇಕು.

ಆದ್ದರಿಂದ ಮೊದಲು ಹಗಲಿನಲ್ಲಿ ಮಂಡಿಯೂರಿ ಹುಡುಕಿ: ಬೇಲಿಯ ಬುಡದಲ್ಲಿ ಹುಲ್ಲು ಒರಗಿದ ಕಂಡಿ, ಕೆದರಿದ ಮಣ್ಣು, ಅರ್ಧ ತಿಂದು ಬಿಟ್ಟ ಹಣ್ಣು. ದಾರಿ ಸಿಕ್ಕ ಮೇಲೆ ಕ್ಯಾಮೆರಾವನ್ನು ಮೊಣಕಾಲಿನ ಎತ್ತರದಲ್ಲಿ, ದಾರಿಗೆ ಓರೆಯಾಗಿ ಕಟ್ಟಿ. ನೇರ ಅಡ್ಡಕ್ಕೆ ಇಟ್ಟರೆ ಕ್ಯಾಮೆರಾ ಕಣ್ಣು ತೆರೆಯುವಷ್ಟರಲ್ಲಿ ಬಾಲವಷ್ಟೇ ಉಳಿದಿರುತ್ತದೆ.

ಪ್ರಶ್ನೆ: ಮಳೆಗೆ ಹೆದರಿ ಮನೆಯೊಳಗೆ ಗಾಜಿನ ಕಿಟಕಿಯ ಹಿಂದೆ ಇಟ್ಟೆ. ಒಂದೂ ಚಿತ್ರ ಬರಲಿಲ್ಲ.

ಉತ್ತರ: ಬರುವುದೂ ಇಲ್ಲ. ಮೈಯಿಂದ ಹೊರಡುವ ಶಾಖದ ಕಿರಣ ಕಿಟಕಿಯ ಗಾಜನ್ನು ದಾಟುವುದಿಲ್ಲ. ಸಂವೇದಕಕ್ಕೆ ಗಾಜೆಂದರೆ ಗೋಡೆ. ಈ ಕ್ಯಾಮೆರಾ ಮಳೆಗೆಂದೇ ಮಾಡಿದ್ದು. ಬಾಗಿಲಿನ ರಬ್ಬರ್ ಅಂಚಿನಲ್ಲಿ ಮಣ್ಣು ಸಿಕ್ಕಿಕೊಳ್ಳದಂತೆ ಒರೆಸಿ ಮುಚ್ಚಿದರೆ ಸಾಕು.

ಪ್ರಶ್ನೆ: ರಾತ್ರಿಯಿಡೀ ಕಪ್ಪೆಗಳು ಕೂಗುತ್ತವೆ. ಕ್ಯಾಮೆರಾದಲ್ಲಿ ಒಂದೂ ಇಲ್ಲ.

ಉತ್ತರ: ಕಪ್ಪೆಯ ಮೈ ಸುತ್ತಲಿನ ನೆಲದಷ್ಟೇ ತಣ್ಣಗಿರುತ್ತದೆ. ಸಂವೇದಕದ ಮುಂದೆ ಅದು ಕುಣಿದರೂ ಲೆಕ್ಕಕ್ಕಿಲ್ಲ. ಹಾವಿನದೂ ಅದೇ ಕಥೆ. ನಿಗದಿತ ಅಂತರಕ್ಕೊಂದು ಚಿತ್ರ ತೆಗೆಯುವ ಟೈಮ್‌ಲ್ಯಾಪ್ಸ್ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಬಳಸಿ. ಇಲ್ಲದಿದ್ದರೆ ಟಾರ್ಚ್ ಹಿಡಿದು ಹೋಗಿ, ಕಪ್ಪೆ ನೋಡಲು ಕ್ಯಾಮೆರಾ ಏಕೆ?

ಪ್ರಶ್ನೆ: ಹೆಗ್ಗಣ ಬಂದಿದೆ, ಆದರೆ ಬೆಳ್ಳಗೆ ದೆವ್ವದಂತೆ ಕಾಣುತ್ತದೆ. ಇನ್ನು ಕೆಲವು ಚಿತ್ರಗಳಲ್ಲಿ ಬಿಳಿ ಉಂಡೆಗಳು ತೇಲುತ್ತವೆ. ನಮ್ಮ ಅತ್ತೆಯವರು ಹಿತ್ತಲಿಗೆ ಹೋಗುವುದನ್ನೇ ನಿಲ್ಲಿಸಿದ್ದಾರೆ.

ಉತ್ತರ: ಅತ್ತೆಯವರಿಗೆ ಧೈರ್ಯ ಹೇಳಿ. ತೇಲುವ ಉಂಡೆಗಳು ಲೆನ್ಸಿನ ಹತ್ತಿರ ಹಾರುವ ಹುಳುಗಳು ಅಥವಾ ಮಂಜಿನ ಹನಿಗಳು. ಹೆಗ್ಗಣ ಬೆಳ್ಳಗಾದದ್ದು ಅತಿ ಹತ್ತಿರ ಬಂದದ್ದರಿಂದ. ಕತ್ತಲಲ್ಲಿ ಚಿತ್ರ ತೆಗೆಯಲು ಕ್ಯಾಮೆರಾದಲ್ಲಿರುವ, ದೂರಕ್ಕೆಂದು ಮಾಡಿದ ಅವಕೆಂಪು (ಇನ್‌ಫ್ರಾರೆಡ್) ದೀಪ ಅದರ ಮುಖಕ್ಕೇ ರಾಚಿದೆ. ದೀಪಗಳ ಮೇಲಷ್ಟೇ ತೆಳು ಬಿಳಿ ಟೇಪಿನ ತುಂಡು ಅಂಟಿಸಿ. ಲೆನ್ಸನ್ನೂ ಸಂವೇದಕವನ್ನೂ ಮುಚ್ಚಬೇಡಿ. ಈ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಫೋಕಸ್ ಬದಲಿಸಲು ಬರುವುದಿಲ್ಲ, ತೀರಾ ಹತ್ತಿರದ್ದು ಮಸುಕಾಗುತ್ತದೆ. ದಾರಿಯಿಂದ ಎರಡು ಮೂರು ಮೀಟರ್ ದೂರವಿಡಿ.

ಪ್ರಶ್ನೆ: ಆ ದೀಪದಿಂದ ಪ್ರಾಣಿಗಳಿಗೆ ತೊಂದರೆಯಾಗುವುದಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ. 850 ನ್ಯಾನೊಮೀಟರ್ ತರಂಗಾಂತರದ ದೀಪ ಉರಿದಾಗ ನಮಗೂ ಮಂದವಾದ ಕೆಂಪು ಕಾಣುತ್ತದೆ. 940ರದ್ದು ನಮಗೆ ಕಾಣುವುದಿಲ್ಲ, ಬದಲಿಗೆ ಅದರ ಬೆಳಕು ಅಷ್ಟು ದೂರ ಹೋಗುವುದಿಲ್ಲ. ಪುಟ್ಟ ಹಿತ್ತಲಿಗೆ ನನ್ನ ಮತ 940ಕ್ಕೆ. ಹಾಗೆಂದು ಪ್ರಾಣಿಗೆ ಏನೂ ತಿಳಿಯುವುದಿಲ್ಲ ಎಂದಲ್ಲ. ರಾತ್ರಿಯ ಚಿತ್ರಕ್ಕಾಗಿ ಒಳಗಿನ ಫಿಲ್ಟರ್ ಸರಿಯುವ ‘ಟಿಕ್’ ಸದ್ದಿಗೇ ನನ್ನ ಪುನುಗು ಒಂದು ಕಾಲೆತ್ತಿ ನಿಂತು ಕ್ಯಾಮೆರಾವನ್ನು ದಿಟ್ಟಿಸಿದ್ದಿದೆ. ಆದರೂ ಹಳೆಯ ಕಾಲಕ್ಕೆ ಹೋಲಿಸಿದರೆ ನಾವು ಸಭ್ಯರು. ಅಮೆರಿಕದ ಜಾರ್ಜ್ ಶೈರಸ್ ಪ್ರಾಣಿಗಳ ದಾರಿಗೆ ತಂತಿ ಕಟ್ಟಿ, ಪ್ರಾಣಿ ಅದನ್ನು ಎಳೆದಾಗ ಫ್ಲ್ಯಾಶ್ ಪುಡಿ ಸಿಡಿಯುವಂತೆ ಮಾಡಿ ರಾತ್ರಿಯ ಚಿತ್ರ ತೆಗೆಯುತ್ತಿದ್ದರು. 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಒಂದೇ ಸಂಚಿಕೆಯಲ್ಲಿ ಅಚ್ಚು ಹಾಕಿತು. ಆ ಜಿಂಕೆಗಳ ಎದೆ ಹೇಗೆ ನಡುಗಿರಬೇಡ!

ಪ್ರಶ್ನೆ: ದಿನವೂ ಬರುವುದು ಅದೇ ಪ್ರಾಣಿಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಹುಲಿಯಾದರೆ ಸುಲಭ. ಒಂದರ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ; ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದ್ದು ಈ ಪಟ್ಟೆಗಳನ್ನು ಓದಿಯೇ. ನಮ್ಮ ಹಿತ್ತಲಿನವರಿಗೆ ಅಂಥ ಗುರುತಿನ ಚೀಟಿ ಇಲ್ಲ. ಹರಿದ ಕಿವಿ, ಮೊಂಡು ಬಾಲ, ಕುಂಟು ಹೆಜ್ಜೆ ಇವನ್ನು ಗಮನಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನ ಪುನುಗಿನ ಎಡಗಿವಿಯಲ್ಲಿ ಸಣ್ಣದೊಂದು ಕಚ್ಚು ಇದೆ. ಕಚ್ಚಿಲ್ಲದ ಇನ್ನೊಂದು ಬರುತ್ತದೆಂದು ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಕ್ಯಾಮೆರಾದ ಗಡಿಯಾರವನ್ನೂ ಸರಿಮಾಡಿಕೊಳ್ಳಿ. ನಾನು ಹನ್ನೆರಡು ಗಂಟೆ ವ್ಯತ್ಯಾಸ ಮಾಡಿಟ್ಟು, ಹಾಡಹಗಲೇ ಕತ್ತಲೆಯಲ್ಲಿ ಓಡಾಡುವ ಪುನುಗಿನ ದಾಖಲೆ ಬರೆದಿದ್ದೇನೆ.

ಪ್ರಶ್ನೆ: ತಿಂಡಿ ಇಟ್ಟರೆ ಬೇಗ ಬರುತ್ತವೆಯಲ್ಲ?

ಉತ್ತರ: ಬರುತ್ತವೆ, ಅದೇ ತೊಂದರೆ. ಒಂದೇ ತಟ್ಟೆಗೆ ಹತ್ತು ಬಾಯಿ ಸೇರಿದರೆ ಜಗಳವಾಗುತ್ತದೆ, ರೋಗ ಹರಡುತ್ತದೆ, ಹೆಗ್ಗಣಗಳ ಸಂಸಾರ ಬೆಳೆಯುತ್ತದೆ. ಅದಲ್ಲದೆ ನಿಮಗೆ ಕಾಣುವುದು ಹಿತ್ತಲಿನ ಬದುಕಲ್ಲ, ತಟ್ಟೆಯ ಮುಂದಿನ ಸಾಲು. ಆಳವಿಲ್ಲದ ಬಟ್ಟಲಿನಲ್ಲಿ ನೀರಿಟ್ಟು ದಿನವೂ ಬದಲಿಸಿ, ಬಿದ್ದ ಹುಳು ಹತ್ತಿ ಬರಲು ನಡುವೆ ಕಲ್ಲೊಂದಿರಲಿ.

ಪ್ರಶ್ನೆ: ಪಕ್ಕದ ಮನೆಯವರು ಆಕ್ಷೇಪಿಸುತ್ತಿದ್ದಾರೆ.

ಉತ್ತರ: ಅವರದೇ ಸರಿ. ಕ್ಯಾಮೆರಾದ ಮುಖ ನೆಲಕ್ಕಿರಲಿ.

ಪ್ರಶ್ನೆ: ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಯಾವುದು ಒಳ್ಳೆಯದು?

ಉತ್ತರ: ರಾತ್ರಿ ದೀಪ ಉರಿಯುವ ಪ್ರತಿ ಸೆಕೆಂಡಿಗೂ ಬ್ಯಾಟರಿ ಲೆಕ್ಕ ಕೊಡಬೇಕು. ವಿಡಿಯೊ ಅವಧಿಯನ್ನು ಹದಿನೈದು ಸೆಕೆಂಡಿಗೆ ಇಳಿಸಿ. ರೀಚಾರ್ಜ್ ಆಗದ 1.5 ವೋಲ್ಟಿನ ಲಿಥಿಯಂ ಬ್ಯಾಟರಿಗಳು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಬಲ ಕೊಡುತ್ತವೆ, ಚಳಿಗೂ ಜಗ್ಗುವುದಿಲ್ಲ. ಕ್ಷಾರೀಯ (ಆಲ್ಕಲೈನ್) ಬ್ಯಾಟರಿಗಳು ಹಗಲಿನಲ್ಲಿ ಚಿತ್ರ ತೆಗೆದು, ರಾತ್ರಿ ದೀಪ ಹೊತ್ತಿಸುವ ಹೊತ್ತಿಗೆ ಕೈಕೊಡುತ್ತವೆ. ಇದನ್ನು ನಾನು ಕಲಿತದ್ದು ಹೋದ ತಿಂಗಳು. ಆ ರಾತ್ರಿಯ ಕೊನೆಯ ವಿಡಿಯೊ ಎರಡೇ ಸೆಕೆಂಡಿನದು: ಗೋಡೆಯ ಮೇಲೆ ಕಚ್ಚುಕಿವಿಯ ಪುನುಗು, ಅದರ ಬಾಲದ ಹಿಂದೆ ಇಣುಕುವ ಒಂದು ಪುಟ್ಟ ತಲೆ. ಆಮೇಲೆ ಕತ್ತಲು. ಹಿಂದೆ ಇನ್ನೆಷ್ಟು ಮರಿಗಳಿದ್ದವು ಎಂದು ಮೊಮ್ಮಗ ಇವತ್ತಿಗೂ ಕೇಳುತ್ತಾನೆ. ಬ್ಯಾಟರಿಯನ್ನೇ ಕೇಳು ಎನ್ನುತ್ತೇನೆ.