ಆಂಟಿಬಯಾಟಿಕ್ ಮುಗಿದ ಮೇಲೆ ಮೂರು ತಿಂಗಳು ಪ್ರೋಬಯಾಟಿಕ್ ಬೇಕಾ?

ಗಂಟಲು ಸೋಂಕಿಗೆ ಐದು ದಿನ ಆಂಟಿಬಯಾಟಿಕ್ ತೆಗೆದುಕೊಂಡೆ, ಆಮೇಲಿಂದ ಹೊಟ್ಟೆ ಉಬ್ಬರ, ದಿನಕ್ಕೆ ಎರಡು ಮೂರು ಸಲ ಭೇದಿ ಅಂತ ಬರೆದಿದ್ದೀರಿ. ಮೆಡಿಕಲ್ ಶಾಪಿನವರು ಪ್ರೋಬಯಾಟಿಕ್ ಕ್ಯಾಪ್ಸೂಲ್ (ಮೈಗೆ ಒಳ್ಳೆಯದು ಅಂತ ನುಂಗುವ ಜೀವಂತ ಸೂಕ್ಷ್ಮಜೀವಿಗಳ ಮಾತ್ರೆ) ಕೊಟ್ಟು ಮೂರು ತಿಂಗಳು ಬಿಡದೆ ನುಂಗಿ, ಹೊಟ್ಟೆ, ಇಮ್ಯೂನಿಟಿ, ಮನಸ್ಸು ಎಲ್ಲ ಸರಿಹೋಗುತ್ತೆ ಅಂದರಂತೆ. ಇದು ನಿಜವಾ, ಮನೆ ಮೊಸರು ಸಾಲದಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಕಾಲೇಜಿನಲ್ಲಿ 22 ವರ್ಷ ಮೈಕ್ರೋಬಯಾಲಜಿ ಪಾಠ ಮಾಡಿದವಳು. ನಿಮ್ಮ ಸ್ಥಿತಿಯಲ್ಲಿ ಮೂರು ತಿಂಗಳ ಕ್ಯಾಪ್ಸೂಲ್ ಬೇಡ ಅಂತಲೇ ಹೇಳುತ್ತೇನೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಡಿಸೆಂಬರ್ ಬಂತೆಂದರೆ ನಮ್ಮ ಬಸವನಗುಡಿ ಮನೆಯಲ್ಲಿ ಮೊಸರು ಸರಿಯಾಗಿ ಹೆಪ್ಪಾಗುವುದಿಲ್ಲ. ಅದೇ ಪ್ಯಾಕೆಟ್ ಹಾಲು, ಅದೇ ಹೆಪ್ಪು. ಏಪ್ರಿಲಿನಲ್ಲಿ ಐದು ಗಂಟೆಯೊಳಗೆ ಗಟ್ಟಿಯಾಗುವುದು ಚಳಿಗಾಲದಲ್ಲಿ ಬೆಳಗ್ಗೆ ಎದ್ದು ನೋಡಿದರೂ ನೀರು ನೀರು. ನಮ್ಮ ಅತ್ತೆ ಪಾತ್ರೆಗೆ ಹಳೆ ಟವೆಲ್ ಸುತ್ತಿ ಅಕ್ಕಿ ಡಬ್ಬದೊಳಗೆ ಇಡುತ್ತಿದ್ದರು. ಬರೀ ಹೆಪ್ಪು ಹಾಕಿದರೆ ಮೊಸರಾಗಲ್ಲ. ಹಾಲು ಬೇಕು, ಬೆಚ್ಚಗಿನ ಜಾಗವೂ ಬೇಕು. ಆ ಕ್ಯಾಪ್ಸೂಲಿನಲ್ಲಿ ಇರುವುದು ಹೆಪ್ಪು ಮಾತ್ರ.

ಒಂದು ಲೆಕ್ಕ ನೋಡಿ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಬಹುಪಾಲು ದೊಡ್ಡ ಕರುಳಿನಲ್ಲೇ. ನಿಮ್ಮ ಕ್ಯಾಪ್ಸೂಲಿನಲ್ಲಿ 1000 ಕೋಟಿ ಇದೆ ಅಂದುಕೊಳ್ಳೋಣ. ಕೇಳಲು ದೊಡ್ಡ ಸಂಖ್ಯೆ, ಆದರೆ ಒಳಗಿರುವುದರಲ್ಲಿ ಅದು 4 ಸಾವಿರಕ್ಕೆ ಒಂದರಷ್ಟು. ಅದೂ ಹೊಟ್ಟೆಯ ಆಸಿಡ್ ದಾಟಿ ಹೋಗಬೇಕು, ಆಗಲೇ ತುಂಬಿರುವ ಕಡೆ ಜಾಗ ಹುಡುಕಬೇಕು. ಬಹಳಷ್ಟು ಜನರಲ್ಲಿ ಮಾತ್ರೆ ನಿಲ್ಲಿಸಿದ ಕೆಲವು ದಿನ, ಕೆಲವು ವಾರದಲ್ಲಿ ಅವು ಹೊರಗೆ ಹೋಗಿಬಿಡುತ್ತವೆ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಎಂಡೋಸ್ಕೋಪಿ ಮಾಡಿ ಕರುಳಿನ ಒಳಗೇ ನೋಡಿದರು. ಒಂದೇ ಪ್ರೋಬಯಾಟಿಕ್ ಕೊಟ್ಟರೂ ಕೆಲವರ ಕರುಳಿನಲ್ಲಿ ಅದು ಅಂಟಿಕೊಂಡಿತು, ಇನ್ನು ಕೆಲವರಲ್ಲಿ ನಿಲ್ಲಲೇ ಇಲ್ಲ. ನಿಮಗೆ ಸಂಬಂಧಿಸಿದ್ದು ಅವರ ಇನ್ನೊಂದು ಪ್ರಯೋಗ. ಆಂಟಿಬಯಾಟಿಕ್ ಮುಗಿದ ಮೇಲೆ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಅವರ ಸ್ವಂತ ಬ್ಯಾಕ್ಟೀರಿಯಾಗಳು ಹಿಂದೆ ಬರುವುದು ತಡವಾಯಿತು. ಏನೂ ತೆಗೆದುಕೊಳ್ಳದೆ ಸುಮ್ನೆ ಇದ್ದವರಲ್ಲಿ ಬೇಗ ಬಂದವು. ಪ್ರಯೋಗದಲ್ಲಿ ಇದ್ದವರು ಕಡಿಮೆ ಜನ, ಅದನ್ನೂ ಹೇಳಬೇಕು. ಆದರೂ ಮೂರು ತಿಂಗಳು ಬಿಡದೆ ನುಂಗಿ ಅನ್ನುವವರು ಇದನ್ನು ಒಮ್ಮೆ ಓದಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಹಾಗಂತ ಪ್ರೋಬಯಾಟಿಕ್ ಸುಳ್ಳು ಅಂತಲ್ಲ. ಆಂಟಿಬಯಾಟಿಕ್ ನಡೆಯುತ್ತಿರುವಾಗಲೇ ಜೊತೆಗೆ ಶುರು ಮಾಡಿದರೆ ಭೇದಿ ಆಗುವ ಸಾಧ್ಯತೆ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ಮುಖ್ಯವಾಗಿ ಎರಡಕ್ಕೆ. ಒಂದು, ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಅನ್ನುವ ಬ್ಯಾಕ್ಟೀರಿಯಾ. ಇನ್ನೊಂದು, ಸ್ಯಾಕರೋಮೈಸಿಸ್ ಬೌಲಾರ್ಡಿ ಅನ್ನುವ ಯೀಸ್ಟ್. ಯೀಸ್ಟ್ ಆದ್ದರಿಂದ ಅದನ್ನು ಆಂಟಿಬಯಾಟಿಕ್ ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್ ಆದರೆ ಆಂಟಿಬಯಾಟಿಕ್‌ಗೂ ಅದಕ್ಕೂ ಎರಡು ಗಂಟೆಯಾದರೂ ಅಂತರ ಬೇಕು. ನಮ್ಮ ಅಮ್ಮನಿಗೆ ಉರಿಮೂತ್ರಕ್ಕೆ ಔಷಧ ಕೊಟ್ಟಾಗ ಎರಡೂ ಮಾತ್ರೆಗಳನ್ನು ಒಂದೇ ಗುಟುಕಿಗೆ ನುಂಗಲು ಹೇಳಿ ಕಳಿಸಿದ್ದರು. ನಾಲ್ಕು ದಿನ ಆದಮೇಲೆ ನಾನು ಗಮನಿಸಿದೆ. ಎಂಬತ್ತರ ಹತ್ತಿರದ ಜೀವ ಅಷ್ಟು ದಿನ ಭೇದಿಯಲ್ಲಿ ನರಳಿತು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು, ಅಲ್ವಾ? ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಇನ್ನೊಂದು ಕೆಲಸ ನನಗೆ ತುಂಬಾ ಮೆಚ್ಚುಗೆ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ಆರೋಗ್ಯವಾಗಿದ್ದ ನವಜಾತ ಶಿಶುಗಳ ಮೇಲೆ ನಡೆದದ್ದು, 2017ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಒಂದು ವಾರ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟೇರಮ್ ಕೊಟ್ಟರು. ರಕ್ತದ ಸೋಂಕು ಅಥವಾ ಸಾವು, ಕೊಡದ ಮಕ್ಕಳಲ್ಲಿ ನೂರಕ್ಕೆ 9, ಕೊಟ್ಟ ಮಕ್ಕಳಲ್ಲಿ 5.4. ಅವರು ಬರೀ ಬ್ಯಾಕ್ಟೀರಿಯಾ ಕೊಡಲಿಲ್ಲ. ಅದು ತಿಂದು ಬೆಳೆಯುವ ಒಂದು ಬಗೆಯ ಸಕ್ಕರೆಯನ್ನೂ ಸೇರಿಸಿ ಕೊಟ್ಟರು. ಹೆಪ್ಪಿನ ಜೊತೆ ಹಾಲೂ ಕೊಟ್ಟ ಹಾಗೆ.

ಅಂದರೆ ಒಂದು ತೊಂದರೆಗೆ ಸೂಕ್ಷ್ಮಜೀವಿಯ ಒಂದು ನಿರ್ದಿಷ್ಟ ತಳಿ, ಇಷ್ಟು ದಿನ ಅಂತ ಲೆಕ್ಕ ಇದ್ದಾಗ ಇದು ಔಷಧದಂತೆ ಕೆಲಸ ಮಾಡುತ್ತದೆ. ದಿನಾ ಕುಡಿಯುವ ಟಾನಿಕ್ ಮಾಡಿಕೊಂಡರೆ ಆಧಾರ ತೆಳುವಾಗುತ್ತದೆ. ಅಮೆರಿಕದ ಹೊಟ್ಟೆ ರೋಗ ತಜ್ಞರ ಸಂಘ 2020ರಲ್ಲಿ ಎಲ್ಲ ಅಧ್ಯಯನ ಜರಡಿ ಹಿಡಿದು, ಹೆಚ್ಚಿನ ಹೊಟ್ಟೆ ತೊಂದರೆಗಳಿಗೆ ಪ್ರೋಬಯಾಟಿಕ್ ಶಿಫಾರಸು ಮಾಡುವಷ್ಟು ಆಧಾರ ಇಲ್ಲ ಎಂದಿತು. ಮನಸ್ಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಅನ್ನುವ ರಾಸಾಯನಿಕದಲ್ಲಿ ನೂರಕ್ಕೆ 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ, ನಿಜ. ಆದರೆ ಅದು ಅಲ್ಲಿಂದ ಮಿದುಳಿನೊಳಗೆ ಹೋಗುವುದಿಲ್ಲ. ಮನಸ್ಸಿಗೆ ಬೇಜಾರು ಜಾಸ್ತಿ ಇದ್ದರೆ ಅದಕ್ಕೆ ಬೇರೆಯಾಗಿಯೇ ಡಾಕ್ಟರ್ ನೋಡಿ.

ಈಗ ಮೊಸರು. ಮನೆ ಮೊಸರಿನಲ್ಲಿ ಯಾವ ತಳಿ ಎಷ್ಟಿದೆ ಅಂತ ಅಳತೆ ಇಲ್ಲ, ಹಾಗಾಗಿ ಪುಸ್ತಕದ ಲೆಕ್ಕದಲ್ಲಿ ಅದು ಪ್ರೋಬಯಾಟಿಕ್ ಅಲ್ಲ. ಆದರೂ ಜೀವಂತ ಬ್ಯಾಕ್ಟೀರಿಯಾ ಧಾರಾಳ. ಹಾಲಿನ ಸಕ್ಕರೆಯನ್ನು ಸ್ವಲ್ಪಮಟ್ಟಿಗೆ ಅವೇ ಅರಗಿಸಿಕೊಟ್ಟಿರುತ್ತವೆ, ಹಾಲು ಆಗದವರಿಗೂ ಮೊಸರು ಒಗ್ಗುವುದು ಅದಕ್ಕೇ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಬಂತು. ಮೊಸರಿನಂಥ ಹುಳಿ ಬರಿಸಿದ ಆಹಾರ ಹತ್ತು ವಾರ ಜಾಸ್ತಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಾದವು, ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು. ಅನ್ನ ಆರಿದ ಮೇಲೆ ಮೊಸರು ಕಲಸಿ. ಮಜ್ಜಿಗೆ ಹುಳಿ ಕುದಿಸಿದರೆ ಬ್ಯಾಕ್ಟೀರಿಯಾ ಸತ್ತುಹೋಗುತ್ತವೆ. ಇಡ್ಲಿಯಲ್ಲೂ ಹಾಗೇ, ಹಬೆಯಲ್ಲಿ ಒಂದೂ ಉಳಿಯುವುದಿಲ್ಲ. ಆದರೆ ಹಿಟ್ಟು ಹುಳಿ ಬಂದದ್ದರ ಲಾಭ ಉಳಿಯುತ್ತದೆ, ಕಬ್ಬಿಣದಂಥ ಖನಿಜಗಳು ಮೈಗೆ ಹತ್ತುವುದು ಸುಲಭವಾಗುತ್ತದೆ.

ಇಷ್ಟೆಲ್ಲ ಆದಮೇಲೆ ಬೇಕಾಗುವುದು ಆ ಹಾಲು, ಅಂದರೆ ನಾರು. ನಮ್ಮಿಂದ ಅರಗಿಸಲು ಆಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂದು ಬ್ಯುಟಿರೇಟ್ ಅನ್ನುವುದನ್ನು ಮಾಡುತ್ತವೆ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಊಟ. ನೀವು ಮಾರತಹಳ್ಳಿಯ ಪೀಜಿಯಲ್ಲಿ ಇದ್ದೀರಿ ಅಂತ ಬರೆದಿದ್ದೀರಿ. ಬಿಳಿ ಅನ್ನ, ಮೈದಾ ಪರೋಟ, ರಾತ್ರಿ ಫ್ರೈಡ್ ರೈಸ್ ಅಂತಲೇ ದಿನ ಕಳೆದರೆ ಅವಕ್ಕೆ ತಿನ್ನಲು ಏನೂ ಸಿಗುವುದಿಲ್ಲ. ವಾರಕ್ಕೆ ನಾಲ್ಕು ದಿನ ರಾಗಿ ಮುದ್ದೆ ಸಿಗುವ ಮೆಸ್ ಹುಡುಕಿ. ಮೊಳಕೆ ಹೆಸರುಕಾಳು, ಬಾಳೆಹಣ್ಣು, ಸೊಪ್ಪಿನ ಸಾರು, ಈರುಳ್ಳಿ, ಚಳಿಗಾಲದಲ್ಲಿ ಅವರೆಕಾಳು. ಆದರೆ ಈಗ ಹೊಟ್ಟೆ ಉಬ್ಬರ ಇದೆ, ಆದ್ದರಿಂದ ಕಾಳು ಮತ್ತು ಈರುಳ್ಳಿ ಮೊದಲ ವಾರ ಬೇಡ. ಮೊಸರನ್ನ, ಬಾಳೆಹಣ್ಣು, ರಾಗಿ ಗಂಜಿಯಿಂದ ಶುರು ಮಾಡಿ, ನಿಧಾನಕ್ಕೆ ಜಾಸ್ತಿ ಮಾಡಿ.

ಎರಡು ವಿಷಯ ಮರೆಯಬೇಡಿ. ಭೇದಿಯಲ್ಲಿ ರಕ್ತ, ಜ್ವರ, ಜೋರು ಹೊಟ್ಟೆನೋವು ಬಂದರೆ, ಅಥವಾ ಇನ್ನೊಂದು ವಾರದಲ್ಲೂ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಆಂಟಿಬಯಾಟಿಕ್ ಆದಮೇಲೆ ಕ್ಲಾಸ್ಟ್ರಿಡಿಯಾಯಿಡಿಸ್ ಡಿಫಿಸಿಲ್ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ತಲೆ ಎತ್ತುವುದುಂಟು, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಇನ್ನೊಂದು, ಕೊಂಡ ಕ್ಯಾಪ್ಸೂಲನ್ನು ಮನೆಯಲ್ಲಿ ಬೇರೆಯವರಿಗೆ ಕೊಟ್ಟುಬಿಡೋಣ ಅಂತ ಯೋಚಿಸಬೇಡಿ. ಕೀಮೋ ನಡೆಯುತ್ತಿರುವವರು, ಅಂಗ ಕಸಿ ಆದವರು, ದಿನ ತುಂಬದೆ ಹುಟ್ಟಿದ ಕೂಸುಗಳು, ಇವರಿಗೆ ಅದೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಅಪಾಯವಾಗಬಹುದು.

ಡಬ್ಬಿಯ ಹಿಂದೆ ತಳಿಯ ಹೆಸರು ಪೂರ್ತಿ ಬರೆದಿರಬೇಕು. ಅದನ್ನು ಇಲ್ಲಿ ಬರೆಯಿರಿ, ಯಾವ ತೊಂದರೆಗೆ ಅದಕ್ಕೆ ಆಧಾರ ಇದೆ ಅಂತ ನೋಡಿ ಹೇಳುತ್ತೇನೆ.